ಬ್ಯುರೆಟ್ಟಿನ ಕೊಸರು

ನಮ್ಮ ಮನೆಯಲ್ಲಿ ಚಹಾ ಬಗ್ಗಿಸುವ ಕೆಲಸವನ್ನು ನನಗೆ ಕೊಡುವುದಿಲ್ಲ. ಕುದಿಸಲು ಬಿಡುತ್ತಾರೆ, ಸೋಸಲು ಬಿಡುತ್ತಾರೆ, ಕಪ್ಪು ಬಸಿ ಹೊಂದಿಸಿಡಲೂ ಬಿಡುತ್ತಾರೆ. ಬಗ್ಗಿಸುವ ಹೊತ್ತಿಗೆ ಮಾತ್ರ ಹೆಂಡತಿ ಬಂದು ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾಳೆ. ಯಾಕೆಂದರೆ ನಾನು ಕಪ್ಪು ತುಂಬಿಸಿ, ಪಾತ್ರೆ ಎತ್ತಿ, ಇನ್ನೇನು ಮುಗಿಯಿತು ಅನ್ನುವಾಗ ಮುಂಗೈ ತಾನಾಗಿಯೇ ಮತ್ತೊಮ್ಮೆ ಬಾಗುತ್ತದೆ. ಒಂದು ತೊಟ್ಟು ಚಹಾ ಮೇಲಿಂದ ಬೀಳುತ್ತದೆ, ಕಪ್ಪು ತುಳುಕುತ್ತದೆ, ಬಸಿ ತುಂಬುತ್ತದೆ. ಬಂದವರು ಪ್ಯಾಂಟಿನ ಮೇಲೆ ಚೆಲ್ಲಿಕೊಳ್ಳದೆ ಅದನ್ನು ಬಾಯಿಗೆ ಮುಟ್ಟಿಸಲು ಪಡುವ ಪಾಡನ್ನು ನಾನು ಬಹಳ ಸಲ ನೋಡಿದ್ದೇನೆ.

"ನಿಮ್ಮ ಕೈಗೆ ಬ್ರೇಕ್ ಇಲ್ಲೇನ್ರಿ?" ಅಂತ ಆಕೆ ಕೇಳುತ್ತಾಳೆ. ಅದು ಬ್ರೇಕಿನ ದೋಷವಲ್ಲ, ಸಂಸ್ಕಾರ ಅಂತ ನಾನು ಹೇಳುತ್ತೇನೆ. ಆಕೆ ನಂಬುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಕಲಿಸಿದವನ ಮಾತಿಗೆ ಮನೆಯಲ್ಲಿ ಇಷ್ಟೇ ಬೆಲೆ. ನೀವಾದರೂ ಪೂರ್ತಿ ಕೇಳಿ ತೀರ್ಮಾನ ಹೇಳಿ.

ನಾನು ಬೆಳೆದದ್ದು ರಾಯಬಾಗದಲ್ಲಿ, ಮೂರು ಎಮ್ಮೆಗಳಿದ್ದ ಮನೆಯಲ್ಲಿ. ಅವ್ವ ಓಣಿಗೆಲ್ಲ ಹಾಲು ಹಾಕುತ್ತಿದ್ದಳು. ಎರಡನೆಯ ಇಯತ್ತೆಯಿಂದಲೇ ಕ್ಯಾನು ಹಿಡಿದು ಅವಳ ಹಿಂದೆ ತಿರುಗಿದವನು ನಾನು. ಅಳತೆಯ ಮಾಪು ತುಂಬ ಹಾಲು ಸುರಿದ ಮೇಲೆ ಅದೇ ಮಾಪನ್ನು ಕ್ಯಾನಿನೊಳಗೆ ಅದ್ದಿ ಇನ್ನೊಂದಿಷ್ಟು ಹಾಕಬೇಕು. ಅದು ಕೊಸರು. ಒಂದು ದಿನ ಶಾಲೆಗೆ ತಡವಾಯಿತೆಂದು ನಾನು ಓಣಿಯ ಕೊನೆಯ ಮನೆಯ ಮುದುಕಿಗೆ ಬರೀ ಮಾಪು ಹಾಕಿ ಓಡಿ ಬಂದಿದ್ದೆ. ಅವ್ವನಿಗೆ ಅದು ಹೇಗೋ ಗೊತ್ತಾಯಿತು. "ಬರೇ ಮಾಪ ಹಾಕಿ ಬಂದೀಯೇನ? ಆ ಮುದಕಿ ಮನಸಿನ್ಯಾಗ ಏನ ಅಂದಕೊಂಡಿರಬೇಕ! ಹೋಗ, ಮ್ಯಾಲ ಒಂದೀಟ ಹಾಕಿ ಬಾ" ಅಂತ ಪಾಟಿಚೀಲ ಹೊತ್ತವನನ್ನೇ ತಿರುಗಿಸಿ ಕಳಿಸಿದಳು. ನಾನು ಎರಡು ಚಮಚೆಯಷ್ಟು ಹಾಲು ತೆಗೆದುಕೊಂಡು ಇಡೀ ಓಣಿ ದಾಟಿ ಹೋಗಿ ಹಾಕಿ ಬಂದೆ. ಶಾಲೆಯಲ್ಲಿ ತಡವಾದದ್ದಕ್ಕೆ ಛಡಿ ಏಟು ತಿಂದೆ. ಅಂದಿನಿಂದ ನನ್ನ ಕೈ ಕೊಸರು ಮರೆತದ್ದಿಲ್ಲ.

ಅಂಥ ಕೈಯನ್ನು ತೆಗೆದುಕೊಂಡು ಹೋಗಿ ಪಿಯುಸಿಯಲ್ಲಿ ಹನಿಹನಿ ಅಳೆದು ಬಿಡುವ ಬ್ಯುರೆಟ್ಟಿನ ಮುಂದೆ ನಿಲ್ಲಿಸಿದರು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿದವರು ನಾವು. ಕಾಲೇಜಿನ ಮೊದಲ ದಿನ ಕೆಮಿಸ್ಟ್ರಿ ಸರ್ ಒಳಗೆ ಬಂದು ಒಂದು ತಾಸು ಇಂಗ್ಲಿಷಿನಲ್ಲಿ ಮಾತಾಡಿ, "ಎನಿ ಡೌಟ್?" ಅಂತ ಕೇಳಿದರು. ಡೌಟು ಬರಲಿಕ್ಕೂ ಒಂದಿಷ್ಟು ತಿಳಿದಿರಬೇಕಲ್ಲ. ಆದರೆ ಪ್ರಯೋಗಾಲಯದ ಬಾಗಿಲು ತೆರೆದ ದಿನ ಜೀವ ಬಂದಹಾಗಾಯಿತು. ಕೊಳೆತ ತತ್ತಿಯ ವಾಸನೆ, ಕರಿ ಕಡಪಾ ಕಲ್ಲಿನ ಉದ್ದನೆಯ ಕಟ್ಟೆಗಳು, ಸ್ಪಿರಿಟ್ ದೀಪಗಳು, ಕಪಾಟಿನಲ್ಲಿ ಸಾಲಾಗಿ ನಿಂತ ಬಾಟಲಿಗಳು. ಅವುಗಳಲ್ಲಿ ಒಂದು ನನ್ನ ಗುರುತಿನದು! ಪೊಟ್ಯಾಸಿಯಂ ಪರ್ಮಾಂಗನೇಟ್. ದನಗಳಿಗೆ ಕಾಲುಬೇನೆ ಬಾಯಿಬೇನೆ ಬಂದಾಗ ಅವ್ವ ನೀರಿಗೆ ಹಾಕಿ ತೊಳೆಯುತ್ತಿದ್ದ ಕೆಂಪು ಔಷಧ. ಎಮ್ಮೆಯ ಔಷಧಕ್ಕೆ ಅಷ್ಟು ಉದ್ದ ಹೆಸರಿದ್ದದ್ದು ನೋಡಿ ನನಗೆ ನಮ್ಮ ಎಮ್ಮೆಗಳ ಮೇಲೆ ಗೌರವ ಹೆಚ್ಚಾಯಿತು.

ನಮ್ಮ ದನದ ಕೊಟ್ಟಿಗೆಗೆ ಹೊಂದಿ ಒಂದು ಖೋಲಿ ಇತ್ತು. ಎರಡನೆಯ ಪಿಯುಸಿಗೆ ಬರುವ ಹೊತ್ತಿಗೆ ಅದರಲ್ಲಿ ಅಲಖನೂರಿನ ಶಿವಲಿಂಗ ಬಾಡಿಗೆಗೆ ಬಂದ. ನನಗಿಂತ ಒಂದು ವರ್ಷ ದೊಡ್ಡವನು. ಹಿಂದಿನ ವರ್ಷ ಪರೀಕ್ಷೆಗೆ ಕೂತು ಉಳಿದೆಲ್ಲ ವಿಷಯ ದಾಟಿ ಕೆಮಿಸ್ಟ್ರಿಯಲ್ಲಿ ಬಿದ್ದಿದ್ದ. ಥಿಯರಿಯಲ್ಲಿ ಹೇಗೋ ದಡ ಮುಟ್ಟಿದ್ದವನನ್ನು ಪ್ರಾಕ್ಟಿಕಲ್ ಮುಳುಗಿಸಿತ್ತು. ಅದಕ್ಕೇ ಮತ್ತೆ ನಮ್ಮ ವರ್ಗಕ್ಕೆ ಬಂದು ಕೂತಿದ್ದ. ಅವನ ಅಪ್ಪ ಪರಪ್ಪ ಕಾಕಾ ನಮ್ಮ ಕಡೆಯ ಹೆಸರಾದ ಗುಳವ್ಯಾ. ಅಂದರೆ ಬೆಲ್ಲದ ಗಾಣದಲ್ಲಿ ಪಾಕ ನೋಡಿ, ಕೊಪ್ಪರಿಗೆಯನ್ನು ಯಾವಾಗ ಒಲೆಯಿಂದ ಇಳಿಸಬೇಕೆಂದು ಹೇಳುವವನು. ಅಥಣಿ, ಕಾಗವಾಡದ ಕಡೆಯಿಂದಲೂ ಅವನನ್ನು ಕರೆಯಲು ಬರುತ್ತಿದ್ದರು. ಮಗ ಬಿದ್ದದ್ದಕ್ಕೆ ಆತ ಬಯ್ಯಲಿಲ್ಲ. "ಇನ್ನೊಂದ ವರ್ಷ ನೋಡೂಣು. ಆಗಲಿಲ್ಲಂದ್ರ ಬಂದ ನನ್ನ ಸಂಗಾಟ ಕೊಪ್ಪರಿಗಿ ಮುಂದ ನಿಂದ್ರ" ಅಂದಿದ್ದನಂತೆ.

ಕೊಪ್ಪರಿಗೆಯ ಮುಂದೆ ನಿಲ್ಲುವುದು ಕೆಟ್ಟ ಬದುಕೇನಲ್ಲ. ಶಿವಲಿಂಗ ಸಣ್ಣವನಿದ್ದಾಗಿನಿಂದ ನಿಂತವನೇ. ಆದರೆ ಅವನಿಗೆ ಆ ಪ್ರಯೋಗಾಲಯದ ಹುಚ್ಚು ಹಿಡಿದಿತ್ತು. ಪ್ರಯೋಗ ಮುಗಿದ ಮೇಲೆ ನಾವೆಲ್ಲ ಸೈಕಲ್ಲಿನ ಕಡೆ ಓಡಿದರೆ ಅವನು ತನ್ನ ಬ್ಯುರೆಟ್ಟನ್ನು ಮೂರು ಸಲ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಲೆಕೆಳಗಾಗಿ ನಿಲ್ಲಿಸಿ ಬರುತ್ತಿದ್ದ. ಕಾಲೇಜಿನ ಜವಾನ ಕೂಡ ಅಷ್ಟು ಚೊಕ್ಕ ತೊಳೆಯುತ್ತಿರಲಿಲ್ಲ. ಒಮ್ಮೆ ಹಾಲು ತೆಗೆದುಕೊಳ್ಳಲು ಬಂದವನು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, "ಬಾಳ್ಯಾ, ನನಗ ಬ್ಯಾರೆ ಏನೂ ಬ್ಯಾಡಲೇ. ಅಂಥಾದೊಂದ ಕಲ್ಲಿನ ಕಟ್ಟಿ ಮುಂದ ನಿಂತ ಜನಮ ತಗದರ ಸಾಕ" ಅಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಂಥ ಆಸೆ ಯಾವುದರ ಮೇಲೂ ಇರಲಿಲ್ಲ. ಅದಕ್ಕೇ ಇರಬೇಕು, ಅವನ ಆಸೆ ಈಡೇರಲಿ ಅಂತ ಜೀವ ತುಡಿಯಿತು.

ಹೀಗೆ ನಮ್ಮ ಜೋಡಿ ಶುರುವಾಯಿತು. ನನಗೆ ಇಂಗ್ಲಿಷು ಅವನಿಗಿಂತ ನಾಲ್ಕಾಣೆ ಹೆಚ್ಚು ಬರುತ್ತಿತ್ತು. ಬೆಳಿಗ್ಗೆ ನಾನು ಎಮ್ಮೆ ಹಿಂಡುವಾಗ ಅವನು ಗೋದಲಿಯ ಮೇಲೆ ಕೂತು ನೋಟ್ಸನ್ನು ಅಕ್ಷರ ಅಕ್ಷರ ಓದುತ್ತಿದ್ದ. ನಾನು ಹಿಂಡುತ್ತಲೇ ಅದರ ಅರ್ಥವನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅವನು ಅದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಿದ್ದ. ಅವನು ಹೇಳುವಾಗ ನನಗೂ ತಿಳಿಯುತ್ತಿತ್ತು. ಮೊದಲು ನಾನು ಹೇಳಿದ್ದು ನನಗೇ ತಿಳಿದಿರುತ್ತಿರಲಿಲ್ಲ ಅನ್ನುವುದನ್ನು ಮಾತ್ರ ಅವನ ಮುಂದೆ ಒಪ್ಪಿಕೊಳ್ಳಲಿಲ್ಲ. ನಮ್ಮ ಮುರ್ರಾ ಎಮ್ಮೆ ಆ ವರ್ಷ ಮೋಲ್ ಕಲ್ಪನೆಯನ್ನು ಕನಿಷ್ಠ ಹತ್ತು ಸಲ ಕೇಳಿರಬೇಕು. ಒಂದು ದಿನವೂ ಒದೆಯಲಿಲ್ಲ.

ಪ್ರಯೋಗಾಲಯದಲ್ಲಿ ಅವನು ನನಗೆ ಗುರು. ಪಿಪೆಟ್ಟಿನಲ್ಲಿ ಆಮ್ಲ ಹೀರುವಾಗ ನಾನು ಕಬ್ಬಿನ ಹಾಲು ಹೀರಿದಂತೆ ಜೋರು ಎಳೆದು ಬಾಯಿತುಂಬ ಹುಳಿ ಮಾಡಿಕೊಂಡು ಉಗುಳಿದ್ದೆ. ಬೆರಳಿನಿಂದ ತಡೆಯುವುದನ್ನು ಅವನೇ ಹಿಡಿದು ಕಲಿಸಿದ. ಆದರೆ ಟೈಟ್ರೇಶನ್ ಮಾತ್ರ ಇಬ್ಬರಿಗೂ ಕಂಟಕವಾಗಿತ್ತು. ಕೆಳಗಿನ ಗಾಜಿನ ಬುರುಡೆಯಲ್ಲಿ ಬಿಸಿಮಾಡಿದ ಆಮ್ಲ, ಮೇಲೆ ಬ್ಯುರೆಟ್ಟಿನಲ್ಲಿ ಆ ಕೆಂಪು ಔಷಧ. ಹನಿಹನಿಯಾಗಿ ಬಿಡುತ್ತ ಬುರುಡೆಯನ್ನು ಅಲುಗಾಡಿಸಬೇಕು. ಬಿದ್ದ ಹನಿಯ ಬಣ್ಣ ಆರುತ್ತ ಹೋಗುತ್ತದೆ. ಯಾವ ಹನಿಯ ತೆಳು ಗುಲಾಬಿ ಬಣ್ಣ ಆರದೆ ಉಳಿಯಿತೋ ಅಲ್ಲಿಗೆ ನಿಲ್ಲಿಸಿ, ಎಷ್ಟು ಇಳಿದಿದೆಯೆಂದು ಓದಿ ಬರೆಯಬೇಕು. ಇಷ್ಟೇ.

ನಾನು ಯಾವಾಗಲೂ ದಾಟಿ ಹೋಗುತ್ತಿದ್ದೆ. ಗುಲಾಬಿ ಬಂತು ಅಂತ ಕಣ್ಣಿಗೆ ಕಾಣುತ್ತಿತ್ತು, ಬ್ಯುರೆಟ್ಟಿನ ನಲ್ಲಿಯಂಥ ತೋಟಿ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಕೈ ಇನ್ನೊಂದಿಷ್ಟು ಬಿಟ್ಟಿರುತ್ತಿತ್ತು. ಬುರುಡೆಯ ತುಂಬ ಬದನೆಕಾಯಿಯ ಬಣ್ಣ. ಮೂರು ಸಲ ಮಾಡಿದರೆ ಮೂರು ಬೇರೆ ಬೇರೆ ಉತ್ತರ. ಶಿವಲಿಂಗನದು ಇದಕ್ಕೆ ಉಲ್ಟಾ. ಅವನ ಮೂರೂ ರೀಡಿಂಗು ಒಂದೇ ಇರುತ್ತಿದ್ದವು, ಮೂರೂ ತಪ್ಪಾಗಿರುತ್ತಿದ್ದವು. ಸರಿಯಾದದ್ದಕ್ಕಿಂತ ಯಾವಾಗಲೂ ಒಂದಿಷ್ಟು ಕಡಿಮೆ. ಹನಿಯ ಬಣ್ಣ ಆರಲು ಸ್ವಲ್ಪ ತಡಮಾಡಿತು ಅಂದಕೂಡಲೇ ಅವನು ತೋಟಿ ಬಂದ್ ಮಾಡಿ ಬರೆದುಬಿಡುತ್ತಿದ್ದ. "ಇನ್ನೂ ಬಣ್ಣ ನಿಂತಿಲ್ಲಲ್ಲೋ?" ಅಂದರೆ, "ಬರತೈತಿ ತಡಿ" ಅನ್ನುತ್ತ ಬುರುಡೆ ಬರಿದು ಮಾಡಿ ಮುಂದಿನದಕ್ಕೆ ತೊಳೆಯಲು ಹೋಗುತ್ತಿದ್ದ. ಮೂರೂ ರೀಡಿಂಗು ಒಂದೇ ಇದ್ದದ್ದು ನೋಡಿ ಸರ್ ಅವನು ಮನೆಯಲ್ಲಿ ಕೂತು ಬರೆದು ತಂದಿದ್ದಾನೆಂದು ತಿಳಿದರು. ಹಿಂದಿನ ವರ್ಷದ ಪರೀಕ್ಷಕರೂ ಪ್ರಯೋಗ ಮಾಡದೆಯೇ ಬರೆದಿದ್ದಾನೆಂದು ತಿಳಿದಿದ್ದರಂತೆ. ಅಷ್ಟು ಪ್ರಾಮಾಣಿಕನಾಗಿ ತಪ್ಪು ಮಾಡುವವನನ್ನು ಯಾರೂ ನಂಬಲಿಲ್ಲ.

ಡಿಸೆಂಬರಿನ ಒಂದು ರವಿವಾರ ಅವನು ನನ್ನನ್ನು ತನ್ನೂರಿಗೆ ಕರೆದುಕೊಂಡು ಹೋದ. ಬಸ್ಸಿಗೆ ಕಾಯದೆ ಕಬ್ಬು ಖಾಲಿ ಮಾಡಿ ಹೊರಟಿದ್ದ ಟ್ರ್ಯಾಕ್ಟರ್ ಟ್ರಾಲಿ ಹತ್ತಿದೆವು. ಅಭ್ಯಾಸಕ್ಕೆಂದು ನಾನು ಒಂದು ಯಂತ್ರ ತಯಾರಿಸಿದ್ದೆ. ನಮ್ಮ ಓಣಿಯ ದವಾಖಾನೆಯಿಂದ ತಂದು ಬಿಸಿನೀರಿನಲ್ಲಿ ಕುದಿಸಿದ ಸಲಾಯಿನ್ ಬಾಟಲಿ, ಅದರ ನಳಿಗೆ. ಹನಿ ಹೆಚ್ಚು ಕಡಿಮೆ ಮಾಡುವ ಗಾಲಿಯೂ ಅದಕ್ಕಿತ್ತಲ್ಲ! ಪ್ರಯೋಗಾಲಯದ ಔಷಧ ಎಲ್ಲಿಂದ ತರುವುದು? ಅದಕ್ಕೆ ಶಿವಲಿಂಗ ಉಪಾಯ ಹುಡುಕಿದ. ಬಟ್ಟಲಲ್ಲಿ ಲಿಂಬೆ ರಸ ಬೆರೆಸಿದ ಅರಿಸಿನ ನೀರು, ಬಾಟಲಿಯಲ್ಲಿ ಸುಣ್ಣದ ತಿಳಿನೀರು. ಹುಳಿ ತೀರಿದ ಕ್ಷಣಕ್ಕೆ ಹಳದಿ ಹೋಗಿ ಕೆಂಪಾಗುತ್ತದೆ.

ಗಾಣದ ಮನೆಯ ಕಂಬಕ್ಕೆ ಬಾಟಲಿ ತೂಗುಹಾಕಿದೆವು. ಅವನ ಅವ್ವ ನುಚ್ಚು, ಮಜ್ಜಿಗೆಯ ಬುತ್ತಿ ತಂದವಳು ನೋಡಿ ದಂಗಾದಳು. "ಅಯ್ಯ ನನ ಶಿವನ! ಯಾರಿಗೋ ಸಲಾಯಿನ್ ಹಚ್ಯಾರಂತ ಮಾಡಿದ್ನಿ. ಇದೇನ, ಆರತಿ ನೀರ ಮಾಡಾಕ ಇಷ್ಟ ಓದಬೇಕೇನ? ನಾ ಮದವಿ ಮನ್ಯಾಗ ಚಿಟಿಕಿ ಹೊಡಿಯೂದ್ರಾಗ ಮಾಡ್ತೇನಲ್ಲೋ!" ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು ನೀರೂ ಅರಿಸಿನ ಸುಣ್ಣದ್ದೇ. ನಾವು ಎರಡು ವರ್ಷ ಬಡಿದಾಡಿದ ವಿದ್ಯೆ ಆಕೆಗೆ ಮೊದಲೇ ಗೊತ್ತಿತ್ತು.

ಮೊದಲು ಶಿವಲಿಂಗ ಮಾಡಿದ. ಹಳದಿಯಲ್ಲಿ ಕೆಂಪು ಎಳೆ ಎದ್ದು ಆರಲು ತಡಮಾಡಿತು, ಅವನು ಗಾಲಿ ಬಿಗಿದ. ನೀರು ಹಳದಿಯೇ ಉಳಿಯಿತು. ಆಮೇಲೆ ನಾನು. ನನ್ನ ಬಟ್ಟಲು ಕೆಂಪಾಗಿ, ಕಡುಕೆಂಪಾಗಿ ಹೋಯಿತು. ಒಲೆಯ ಕಡೆಯಿಂದ ಪರಪ್ಪ ಕಾಕಾ ಬಂದು ಕುಕ್ಕರಗಾಲಲ್ಲಿ ಕೂತು ಎರಡನ್ನೂ ನೋಡಿದ. ಕೆಲಸ ಏನೆಂದು ಕೇಳಿ ತಿಳಿದುಕೊಂಡ. ಮಗನಿಗೆ ಮತ್ತೊಮ್ಮೆ ಮಾಡಲು ಹೇಳಿದ. ಅವನು ಮತ್ತೆ ಅಲ್ಲೇ ನಿಲ್ಲಿಸಿದ.

"ಯಾಕ ನಿಂದರಿಸಿದಿ?"

"ಬರಾಕ ಬಂದೈತಿ ಎಪ್ಪಾ. ಇನ್ನೀಟ ತಾನ ಬರತೈತಿ."

ಕಾಕಾ ಮಗನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಗಲು ಶುರುಮಾಡಿದ. "ಲೇ ಹುಚ್ಚಾ, ಇದರ ಬುಡಕ ಬೆಂಕಿ ಎಲ್ಲೈತೋ? ಕೊಪ್ಪರಿಗಿ ಇಳಿಸಿದ ಮ್ಯಾಲೂ ತನ್ನ ಕಾವಿಗೆ ತಾನ ಬೇಯ್ತೈತಿ. ಅದಕ್ಕ ನಾವ ಪಾಕ ಬರೂಕಿಂತ ಒಂದೀಟ ಮೊದಲ ಇಳಸ್ತೇವಿ. ಈ ಬಟ್ಟಲ ಯಾವ ಕಾವಿಗೆ ಬೇಯಬೇಕ?"

ಶಿವಲಿಂಗ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. ಹನ್ನೆರಡು ವರ್ಷ ಅಪ್ಪನ ಪಕ್ಕದಲ್ಲಿ ನಿಂತು ಕಲಿತದ್ದು ಅವನ ಕೈಯಲ್ಲಿ ಉಳಿದಿತ್ತು. ಕೈ ಅದನ್ನು ಪ್ರಯೋಗಾಲಯಕ್ಕೂ ಒಯ್ದಿತ್ತು, ಮುಂಚಿತವಾಗಿ ಇಳಿಸುತ್ತಲೇ ಬಂದಿತ್ತು. ಒಂದು ವರ್ಷ ಹೋದದ್ದು ಅದರಿಂದ. ಕಾಲೇಜಿನಲ್ಲಿ ಯಾರಿಗೂ ಹೊಳೆಯದ ಮಾತನ್ನು ಅಕ್ಷರ ಬಾರದ ಮನುಷ್ಯ ಮೂರು ನಿಮಿಷದಲ್ಲಿ ಹೇಳಿದ್ದ.

"ಹಂಗಾರ ನನ್ನ ಕೈಗೆ ಏನಾಗೇತ್ರಿ ಕಾಕಾ?" ಅಂದೆ. ಅದಕ್ಕೆ ಉತ್ತರ ಕೊಟ್ಟವನು ಶಿವಲಿಂಗ. ಗೆದ್ದವನ ಹಾಗೆ ಎದ್ದು ನಿಂತು, ಗಾಳಿಯಲ್ಲಿ ಮಾಪು ಹಿಡಿದಂತೆ ಕೈಮಾಡಿ, ಸುರಿದು, ಎತ್ತಿ, ಆಮೇಲೆ ಮುಂಗೈಯನ್ನು ಟಕ್ಕನೆ ಇನ್ನೊಮ್ಮೆ ಬಗ್ಗಿಸಿದ. "ದಿನಾ ಮುಂಜಾನೆ ನೋಡ್ತೇನಿ ಇವಂದ. ಬ್ಯುರೆಟ್ಟಿಗೂ ಕೊಸರ ಹಾಕ್ತಾನ ಮಗಾ!" ಅವನ ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ಅಷ್ಟು ಹೊತ್ತು ಇಂಗ್ಲಿಷ್ ಬರುವ ಜಾಣ ನಾನು, ಅವನಿಗೆ ಕಲಿಸಲು ಬಂದವನು ಅಂತ ತಿಳಿದಿದ್ದೆ. ಬಿಸಿ ಬೆಲ್ಲ ಕೊಟ್ಟರು. ಒಣಗಿದ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತು ಅದನ್ನು ಊದಿ ಊದಿ ತಿಂದೆವು. ಅಂಥ ಸುಖದ ಮಧ್ಯಾಹ್ನ ಆಮೇಲೆ ನನಗೆ ಬಹಳ ಸಿಕ್ಕಿಲ್ಲ.

ಅಲ್ಲಿಗೆ ಒಪ್ಪಂದವಾಯಿತು. ನಿಲ್ಲಿಸಬೇಕು ಅನ್ನಿಸಿದ ಮೇಲೂ ಅವನು ಬಿಡುತ್ತಿರಬೇಕು; ಇನ್ನೊಂದಿಷ್ಟು ಹಾಕೋಣ ಅನ್ನಿಸುವ ಮೊದಲೇ ನಾನು ನಿಲ್ಲಿಸಬೇಕು. ಹೇಳಲು ಬಹಳ ಸುಲಭ. ಜನವರಿಯಲ್ಲಿ ತಣ್ಣಗಿನ ದ್ರಾವಣದ ಪ್ರಯೋಗಗಳನ್ನೆಲ್ಲ ಶಿವಲಿಂಗ ಸರಿಯಾಗಿ ಮಾಡಿದ. ಸರ್ ಅವನ ಪುಸ್ತಕವನ್ನು ಎರಡೆರಡು ಸಲ ತಿರುವಿ ನೋಡಿದರು. ಆದರೆ ಕೆಂಪು ಔಷಧದ ಪ್ರಯೋಗ ಬಂದರೆ ಹಳೆಯ ರೋಗ ಮರುಕಳಿಸುತ್ತಿತ್ತು. ಅದರಲ್ಲಿ ಬುರುಡೆ ಬಿಸಿಯಿರುತ್ತದೆ. ನಾವು ಕರವಸ್ತ್ರ ಸುತ್ತಿ ಹಿಡಿಯುವುದನ್ನು ಅವನು ಬರಿಗೈಯಲ್ಲೇ ಹಿಡಿಯುತ್ತಿದ್ದ. ಕಾವು ತಾಗಿದೊಡನೆ ಆ ಕೈಗೆ ತಾನು ಗಾಣದ ಮನೆಯಲ್ಲಿದ್ದೇನೆ ಅನ್ನಿಸುತ್ತಿತ್ತೋ ಏನೋ, ಒಂದಿಷ್ಟು ಮೊದಲೇ ಇಳಿಸಿಬಿಡುತ್ತಿತ್ತು. "ಅದೊಂದ ಬರದಿದ್ರ ಸಾಕಲೇ" ಅನ್ನುತ್ತಿದ್ದ.

ಪರೀಕ್ಷೆಯ ದಿನ ಚೀಟಿ ಎತ್ತಿದೆವು. ಇಬ್ಬರಿಗೂ ಅದೇ ಬಂತು.

ಪರೀಕ್ಷಕರು ಬೇರೆ ಊರಿನವರು, ಕನ್ನಡಕದ ಮೇಲಿಂದ ನೋಡುವವರು. ನಾನು ಈ ಕಟ್ಟೆಯಲ್ಲಿ, ಶಿವಲಿಂಗ ಎದುರು ಕಟ್ಟೆಯಲ್ಲಿ. ಅವನ ಮುಖ ಬೆವೆತಿತ್ತು. ಬುರುಡೆ ಬಿಸಿಮಾಡಿ ಬರಿಗೈಯಲ್ಲಿ ಹಿಡಿದು ತಂದ. ಹನಿ ಬಿಡುತ್ತ ಹೋದ. ನನ್ನ ತೋಟಿ ನಾನು ತಿರುಗಿಸುತ್ತಿದ್ದೆ, ಕಣ್ಣು ಮಾತ್ರ ಅವನ ಬುರುಡೆಯ ಮೇಲೆ. ಹನಿಯ ಬಣ್ಣ ಆರಲು ತಡಮಾಡಿದ್ದು ನನಗೆ ಅಲ್ಲಿಂದಲೇ ಕಂಡಿತು. ಅವನು ತೋಟಿ ಬಂದ್ ಮಾಡಿದ. ಪೆನ್ನು ತೆಗೆದ. ಬರೆಯಲು ಹೋದವನು ನಿಂತ. ಬುರುಡೆ ನೋಡಿದ, ಬಣ್ಣ ಮಾಯವಾಗಿತ್ತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ. ಇಡೀ ವರ್ಷ ಆ ನೋಟದಲ್ಲಿತ್ತು.

ಮಾತಾಡುವಂತಿರಲಿಲ್ಲ. ನನಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಲಗೈ ತಾನಾಗಿಯೇ ಮೇಲೆದ್ದಿತು. ಇಲ್ಲದ ಮಾಪು ಹಿಡಿಯಿತು, ಸುರಿಯಿತು, ಎತ್ತಿತು, ಟಕ್ಕನೆ ಇನ್ನೊಮ್ಮೆ ಬಾಗಿತು.

ಶಿವಲಿಂಗ ಪೆನ್ನು ಕೆಳಗಿಟ್ಟ. ತೋಟಿಯನ್ನು ಕೂದಲಿನಷ್ಟು ತಿರುಗಿಸಿದ. ಒಂದು ಹನಿ, ಅಲುಗಾಡಿಸಿದ, ಆರಿತು. ಇನ್ನೊಂದು, ಅದೂ ಆರಿತು. ಹೀಗೇ ಒಂದೊಂದಾಗಿ ಬಿಡುತ್ತ ಹೋದ. ಕೊನೆಗೆ ಒಂದು ಹನಿ ಬಿತ್ತು. ಬುರುಡೆಯ ತುಂಬ ತೆಳ್ಳಗೆ ಗುಲಾಬಿ ಹರಡಿತು, ನಿಂತಿತು, ಹೋಗಲೇ ಇಲ್ಲ. ಅವನ ಮುಖದಲ್ಲಿ ಆ ಹೊತ್ತು ಕಂಡ ಖುಷಿಯನ್ನು ನೋಡಿ ನನಗೆ ಕಣ್ಣು ತುಂಬಿ ಬಂತು.

"ವಾಟ್ ಈಸ್ ದಟ್? ಕೈಯಲ್ಲಿ ಏನು ಮಾಡ್ತಿದ್ದಿ?" ಪರೀಕ್ಷಕರು ನನ್ನ ಪಕ್ಕದಲ್ಲೇ ನಿಂತಿದ್ದರು.

"ಏನಿಲ್ಲರಿ ಸರ್. ಜೋಮ ಹಿಡದಿತ್ರಿ."

ಅವರು ನನ್ನ ಕೈ ನೋಡಿದರು, ಆಮೇಲೆ ನನ್ನ ಬುರುಡೆ ನೋಡಿದರು. ನಾನೂ ನೋಡಿದೆ. ಅತ್ತ ಕೈಮಾಡುವ ಗಡಿಬಿಡಿಯಲ್ಲಿ ಇತ್ತ ತೋಟಿ ಬಂದ್ ಮಾಡುವುದನ್ನು ಮರೆತಿದ್ದೆ. ಬದನೆಕಾಯಿಯನ್ನೂ ಮೀರಿ ನೇರಳೆಹಣ್ಣಾಗಿತ್ತು. "ಜೋಮು ಈ ಕೈಗೂ ಹಿಡಿದಿತ್ತೇನು?" ಅಂತ ಕೇಳಿ ಅವರು ಮುಂದೆ ಹೋದರು. ಉಳಿದ ಹೊತ್ತಿನಲ್ಲಿ ಮತ್ತೆರಡು ಸಲ ಮಾಡಿ ಹೇಗೋ ಮಾನ ಉಳಿಸಿಕೊಂಡೆ.

ಫಲಿತಾಂಶದ ದಿನ ಫಲಕದ ಮುಂದೆ ಅಷ್ಟು ಜನರಲ್ಲಿ ನಾನು ಮೊದಲು ಹುಡುಕಿದ್ದು ಅವನ ನಂಬರನ್ನು. ಇತ್ತು. ನನ್ನದೂ ಇತ್ತು, ಅದನ್ನು ಅವನು ಹುಡುಕಿದ್ದ. ಕೆಮಿಸ್ಟ್ರಿಯಲ್ಲಿ ಅವನಿಗೆ ನನಗಿಂತ ಹನ್ನೊಂದು ಮಾರ್ಕ್ಸು ಹೆಚ್ಚು ಬಂದಿದ್ದವು. ಈ ಸಂಗತಿಯನ್ನು ನಾನು ಹೆಂಡತಿಗೆ ಇನ್ನೂ ಹೇಳಿಲ್ಲ.

ಶಿವಲಿಂಗ ಬಿ.ಎಸ್‌ಸಿ. ಮುಗಿಸಿ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯ ಸೇರಿದ. ಕಲ್ಲಿನ ಕಟ್ಟೆಯ ಮುಂದೆಯೇ ಜನ್ಮ ತೆಗೆದ. ಕಳೆದ ಹಂಗಾಮಿನಲ್ಲಿ ಅಲಖನೂರಿಗೆ ಹೋಗಿದ್ದೆ. ಅದೇ ಜಾಗದಲ್ಲಿ ಅವನ ತಮ್ಮನ ಗಾಣ ನಡೆದಿದೆ. ಪರಪ್ಪ ಕಾಕಾ ಈಗಿಲ್ಲ. ಶಿವಲಿಂಗ ರಜೆ ಹಾಕಿ ಬಂದಿದ್ದ, ತಲೆ ಪೂರ್ತಿ ಬೆಳ್ಳಗಾಗಿದೆ. ಸಿಪ್ಪೆಯ ರಾಶಿಯ ಮೇಲೆ ಕೂತೆವು. ಅವನು ತಂಬಿಗೆಯಿಂದ ನನಗೆ ಕಬ್ಬಿನ ಹಾಲು ಬಗ್ಗಿಸಿದ. ಗ್ಲಾಸು ತುಂಬಲು ಬೆರಳಷ್ಟು ಬಾಕಿ ಇರುವಾಗ ತಂಬಿಗೆ ಎತ್ತಿದ. ಮೂವತ್ತೈದು ವರ್ಷ ಬ್ಯುರೆಟ್ಟು ಹಿಡಿದರೂ ಅಪ್ಪನ ಕೈ ಅವನನ್ನು ಬಿಟ್ಟಿರಲಿಲ್ಲ.

ನಾನು ಗ್ಲಾಸು ಹಿಡಿದುಕೊಂಡೇ ಇದ್ದೆ. ಅವನು ನನ್ನ ಮುಖ ನೋಡಿದ, ಗ್ಲಾಸು ನೋಡಿದ. "ಹಾಂ, ಮರತಿದ್ನಿ ತಡಿ" ಅಂದು ತಂಬಿಗೆಯನ್ನು ಟಕ್ಕನೆ ಇನ್ನೊಮ್ಮೆ ಬಗ್ಗಿಸಿದ. ಗ್ಲಾಸು ತುಂಬಿ ತುಳುಕಿ ನನ್ನ ಮುಂಗೈಯ ಮೇಲೆ ಹರಿಯಿತು. ಮೊದಲು ಕೈ ನೆಕ್ಕಿಕೊಂಡು, ಆಮೇಲೆ ಗ್ಲಾಸು ಎತ್ತಿದೆ.